ಸ್ಮಾರ್ಟ್ ಬೋರ್ಡಿಗೆ ಬರುವ ಅನುದಾನ ವಿಭಾಗಕ್ಕೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಗಂಗಾವತಿ ತಾಲ್ಲೂಕಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೇನೆ. ಶೈಕ್ಷಣಿಕ ತಂತ್ರಜ್ಞಾನದಲ್ಲಿ, ಅಂದರೆ ತಂತ್ರಜ್ಞಾನ ಬಳಸಿ ಚೆನ್ನಾಗಿ ಕಲಿಸುವುದು ಹೇಗೆ ಎಂಬ ವಿಷಯದಲ್ಲಿ, ಮುಂದೆ ಓದಬೇಕೆಂಬ ಆಸೆ ಇದೆ. ಸ್ಮಾರ್ಟ್ ಕ್ಲಾಸು, ಟ್ಯಾಬು, ಡಿಜಿಟಲ್ ಲೈಬ್ರರಿ ಅಂತ ಸರ್ಕಾರದಿಂದ ಇಷ್ಟೊಂದು ದುಡ್ಡು ಬರುತ್ತಿದ್ದರೂ ಬಳ್ಳಾರಿ, ರಾಯಚೂರು, ಕೊಪ್ಪಳದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೇ ಮೀಸಲಾದ ವಿಭಾಗ ಯಾಕೆ ಬೆಳೆದಿಲ್ಲ? ಮುಂದೆ ಬರಬಹುದೆಂದು ಕಾಯಲೇ, ಬೇರೆ ಕಡೆ ಹೋಗಲೇ? ಮನೆಯಲ್ಲಿ ಹತ್ತಿರದಲ್ಲೇ ಓದು ಅನ್ನುತ್ತಾರೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಯಬೇಡಿ. ನಮ್ಮ ಭಾಗದಲ್ಲಿ ಇಂಥದೊಂದು ವಿಭಾಗ ಬರಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಈಗ ಬರುತ್ತಿರುವ ದುಡ್ಡನ್ನು ನೋಡಿ ಅದು ಬಂದೇ ಬರುತ್ತದೆ ಎಂದು ನೀವು ವಯಸ್ಸು ಕಳೆಯುವುದು ನನಗೆ ಸರಿಕಾಣುವುದಿಲ್ಲ. ಸರ್ಕಾರದ ಅನುದಾನದಲ್ಲಿ ಸಾಮಾನು ಕೊಳ್ಳುವ ದುಡ್ಡೇ ಬೇರೆ, ಜನರನ್ನು ಇಟ್ಟುಕೊಳ್ಳುವ ದುಡ್ಡೇ ಬೇರೆ. ಶೈಕ್ಷಣಿಕ ತಂತ್ರಜ್ಞಾನದ ವಿಭಾಗಗಳು ಬೆಳೆದ ಕಡೆಯೆಲ್ಲ ಎರಡನೆಯ ಬಗೆಯ ದುಡ್ಡಿನಿಂದ ಬೆಳೆದಿವೆ. ನಮ್ಮ ಪಾಲಿಗೆ ಬಂದದ್ದು ಹೆಚ್ಚಾಗಿ ಮೊದಲನೆಯದು.

ಈ ವಿಷಯ ಗಟ್ಟಿಯಾಗಿ ಬೇರೂರಿದ್ದು ಅಮೆರಿಕದಲ್ಲಿ. ಹೀಗಾಗಿ ಅಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಯ ಕೆಲಸ ಗೊತ್ತಿಲ್ಲದ ಲಕ್ಷಾಂತರ ಜನರಿಗೆ ಬೇಗ ಕೆಲಸ ಕಲಿಸಬೇಕಾಯಿತು. ಅದಕ್ಕಾಗಿ 1941ರಿಂದ 1945ರ ನಡುವೆ ಅಲ್ಲಿನ ಶಿಕ್ಷಣ ಕಚೇರಿಯ ಒಂದು ಘಟಕವೇ 457 ತರಬೇತಿ ಚಲನಚಿತ್ರಗಳನ್ನು ಮಾಡಿಸಿತು. ಸೈನ್ಯ ಮಾಡಿಸಿಕೊಂಡದ್ದು ಬೇರೆ. ಯುದ್ಧ ಮುಗಿದಾಗ ಚಿತ್ರ ತೋರಿಸಿ ಕಲಿಸುವುದು ಹೇಗೆ, ಯಾವುದು ಕಲಿಸುತ್ತದೆ, ಯಾವುದು ಕಲಿಸುವುದಿಲ್ಲ ಎಂದು ಕೈಯಾರೆ ಮಾಡಿ ತಿಳಿದ ಒಂದು ಪೀಳಿಗೆ ತಯಾರಾಗಿತ್ತು. ಇಂಡಿಯಾನಾ, ಸಿರಕ್ಯೂಸ್, ಒಹಾಯೊ ಸ್ಟೇಟ್, ದಕ್ಷಿಣ ಕ್ಯಾಲಿಫೋರ್ನಿಯಾದಂಥ ವಿಶ್ವವಿದ್ಯಾಲಯಗಳಲ್ಲಿ ದೃಶ್ಯ-ಶ್ರವ್ಯ ಶಿಕ್ಷಣದ ಕೇಂದ್ರಗಳು ಬಲಗೊಂಡದ್ದು ಆ ಕಾಲದಲ್ಲಿ.

1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ತಾವು ಹಿಂದೆ ಬಿದ್ದೆವೆಂಬ ದಿಗಿಲಿನಲ್ಲಿ ಅಮೆರಿಕ 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದಿತು. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಆ ಕಾಯ್ದೆಯ ಅಧ್ಯಾಯಗಳಲ್ಲೇ ಇದೆ. ಮೂರನೆಯ ಅಧ್ಯಾಯ ಶಾಲೆಗಳಿಗೆ ವಿಜ್ಞಾನ, ಗಣಿತ, ವಿದೇಶಿ ಭಾಷೆಗಳ ಕಲಿಕೆಗೆ ಉಪಕರಣ ಕೊಳ್ಳಲು. ಅದಕ್ಕೆ ವರ್ಷಕ್ಕೆ 7 ಕೋಟಿ ಡಾಲರ್‌ವರೆಗೆ ಅವಕಾಶ. ಏಳನೆಯ ಅಧ್ಯಾಯ ರೇಡಿಯೊ, ಟಿ.ವಿ., ಚಲನಚಿತ್ರಗಳನ್ನು ಪಾಠಕ್ಕೆ ಬಳಸುವ ಬಗ್ಗೆ ಸಂಶೋಧನೆ ನಡೆಸಲು. ಅದಕ್ಕೆ ಮೊದಲ ವರ್ಷ 30 ಲಕ್ಷ, ಆಮೇಲೆ ವರ್ಷಕ್ಕೆ 50 ಲಕ್ಷ ಡಾಲರ್. ಮೊತ್ತ ನೋಡಿದರೆ ಎರಡಕ್ಕೂ ಹೋಲಿಕೆಯೇ ಇಲ್ಲ.

ಆಮೇಲೆ ಆದದ್ದು ನೋಡಿ. ಉಪಕರಣದ ದುಡ್ಡಿನಲ್ಲಿ ದೇಶದ ಉದ್ದಗಲಕ್ಕೂ ಭಾಷಾ ಪ್ರಯೋಗಾಲಯಗಳು ಬಂದವು. ಸಾಲಾಗಿ ಬೂತು, ಪ್ರತಿ ಬೂತಿಗೆ ಹೆಡ್‌ಫೋನು, ಟೇಪ್ ರೆಕಾರ್ಡರು. ಹತ್ತು ಹದಿನೈದು ವರ್ಷದಲ್ಲಿ ಅವುಗಳಲ್ಲಿ ಬಹಳಷ್ಟು ಕೆಟ್ಟು ಕೂತವು, ಇಲ್ಲವೇ ಮುಚ್ಚಿದವು. ರಿಪೇರಿ ಮಾಡುವವರಿರಲಿಲ್ಲ, ಟೇಪಿನಲ್ಲಿದ್ದ ಪಾಠ ಬೇಸರ ತರಿಸುತ್ತಿತ್ತು, ಅದನ್ನು ಹೇಗೆ ಬಳಸಬೇಕೆಂದು ಶಿಕ್ಷಕರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಏಳನೆಯ ಅಧ್ಯಾಯದ ಸಣ್ಣ ದುಡ್ಡು ಮಾತ್ರ ನೇರ ಪ್ರಾಧ್ಯಾಪಕರ, ಸಂಶೋಧನಾ ಸಹಾಯಕರ ಕೈಗೆ ಹೋಯಿತು. ಅದೇ ಕಾಯ್ದೆಯ ನಾಲ್ಕನೆಯ ಅಧ್ಯಾಯ ಮೂರು ವರ್ಷದ ಫೆಲೋಶಿಪ್ ಕೊಟ್ಟಿತು, ಅದೂ ಹೊಸದಾಗಿ ತೆರೆದ ಅಥವಾ ವಿಸ್ತರಿಸಿದ ಸ್ನಾತಕೋತ್ತರ ಕೋರ್ಸುಗಳಿಗೆ ಮಾತ್ರ. ಜತೆಗೆ ಒಬ್ಬೊಬ್ಬ ಫೆಲೋಗೂ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 2,500 ಡಾಲರ್‌ವರೆಗೆ ಸಿಗುತ್ತಿತ್ತು. ಹಾಗಾಗಿ ಹೊಸ ಕೋರ್ಸು ತೆರೆಯುವುದು ವಿಶ್ವವಿದ್ಯಾಲಯಕ್ಕೂ ಲಾಭವೇ ಆಯಿತು. 1964ರ ತಿದ್ದುಪಡಿಯಲ್ಲಿ ಶಾಲಾ ಮಾಧ್ಯಮ ತಜ್ಞರ ತರಬೇತಿ ಶಿಬಿರಗಳೂ ಸೇರಿದವು. ಶಿಬಿರಕ್ಕೆ ಬಂದ ಶಿಕ್ಷಕರಿಗೆ ಭತ್ಯೆ ಸಿಗುತ್ತಿತ್ತು. 1960ರ ದಶಕದಲ್ಲಿ ಈ ವಿಷಯದ ಕೋರ್ಸುಗಳು ಬೆಳೆದ ವೇಗಕ್ಕೆ ಇವೆಲ್ಲ ಸೇರಿ ಕಾರಣ.

1970ರ ದಶಕದಲ್ಲಿ ಆ ದುಡ್ಡು ಸೊರಗಿತು. ಆದರೂ ಆಳವಾಗಿ ಬೇರುಬಿಟ್ಟಿದ್ದ ವಿಭಾಗಗಳು ಉಳಿದುಕೊಂಡವು, ಯಾಕೆಂದರೆ ಅಷ್ಟರಲ್ಲಿ ಅಲ್ಲಿ ಕಾಯಂ ಅಧ್ಯಾಪಕರಿದ್ದರು. ಅವರು ಸೈನ್ಯದ ತರಬೇತಿ, ಕಂಪನಿಗಳ ತರಬೇತಿಯ ಕಡೆ ತಿರುಗಿ ಪಠ್ಯವನ್ನೇ ಮಾರ್ಪಡಿಸಿಕೊಂಡರು. ಅನುದಾನ ನಿಂತ ಮೇಲೂ ಹೊಸ ದಾರಿ ಹುಡುಕಿಕೊಳ್ಳುವ ಶಕ್ತಿ ಯಂತ್ರಕ್ಕೆ ಎಲ್ಲಿಂದ ಬರಬೇಕು? ಅಧ್ಯಾಪಕರಿಗಷ್ಟೇ ಅದು ಸಾಧ್ಯ.

ಇನ್ನು ನಮ್ಮ ಕಥೆ. ನಿಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ, ಕೆಲವರಿಗಾದರೂ ನೆನಪಿರುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿ.ವಿ. ಪಾಠ ಬಂದಿತ್ತು. ಸೈಟ್ ಎಂದು ಕರೆದ ಆ ಪ್ರಯೋಗಕ್ಕೆ ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದಿದ್ದರು. ಆರು ರಾಜ್ಯಗಳ 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಕೊಪ್ಪಳ, ಗಂಗಾವತಿ ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಯ್ಕೆಯಾದ ಊರುಗಳಲ್ಲಿ ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ ದೊಡ್ಡ ಆಂಟೆನಾ ನಿಲ್ಲಿಸಿದ್ದರು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ರಜೆಯ ದಿನಗಳಲ್ಲಿ ಅದೇ ಪರದೆಯ ಮುಂದೆ ಪ್ರಾಥಮಿಕ ಶಾಲೆಗಳ ಹತ್ತಾರು ಸಾವಿರ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ದೇಶದ ಶೈಕ್ಷಣಿಕ ತಂತ್ರಜ್ಞಾನದ ಇತಿಹಾಸ ಬರೆಯುವವರು ಯಾರೂ ಸೈಟನ್ನು ಬಿಟ್ಟು ಬರೆಯಲಾರರು. ಆ ಇತಿಹಾಸ ನಡೆದದ್ದು ನಮ್ಮ ನೆಲದಲ್ಲಿ. ನಮ್ಮ ಹುಡುಗರಿಗೆ ಅದು ಗೊತ್ತೇ ಇಲ್ಲ ಎಂಬುದು ನನಗೆ ಪ್ರತಿ ವರ್ಷ ತರಗತಿಯಲ್ಲಿ ಕಾಣುವ ಸಂಕಟ.

ಹಾಗಾದರೆ ಅದರ ಬೆನ್ನಿಗೇ ಇಲ್ಲೊಂದು ವಿಭಾಗ ಯಾಕೆ ಹುಟ್ಟಲಿಲ್ಲ? ಉತ್ತರ ಸರಳ. ಆ ಹೊತ್ತಿಗೆ ಈ ಭಾಗದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಗುಲ್ಬರ್ಗ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಅಲ್ಲಿಯವರೆಗೆ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಸೈಟಿನ ಕಾರ್ಯಕ್ರಮ ತಯಾರಿ, ಮೌಲ್ಯಮಾಪನ, ತಾಂತ್ರಿಕ ಕೆಲಸ ಎಲ್ಲ ಅಹಮದಾಬಾದಿನ ಇಸ್ರೊ ಕೇಂದ್ರ, ದೂರದರ್ಶನ, ದೆಹಲಿಯ ಎನ್‌ಸಿಇಆರ್‌ಟಿಯ ಕೈಯಲ್ಲಿತ್ತು. ನಮ್ಮ ಮಕ್ಕಳು ನೋಡಿದರು, ನಮ್ಮ ಶಿಕ್ಷಕರು ತರಬೇತಿ ಪಡೆದರು. ಅದರಿಂದ ಹುಟ್ಟಿದ ವಿದ್ಯೆ ಮಾತ್ರ ಅಹಮದಾಬಾದು, ದೆಹಲಿಗಳಿಗೆ ಹೋಯಿತು. ಉಪಗ್ರಹ ವಾಪಸಾದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗಿಂತ ಮೊದಲೇ ಗುಲ್ಬರ್ಗಕ್ಕೆ ಟಿ.ವಿ. ಬಂದದ್ದು ಸೈಟಿನ ದೆಸೆಯಿಂದ. ಪ್ರಸಾರ ಮುಂದುವರಿಯಿತು, ಅಧ್ಯಯನ ಮುಂದುವರಿಯಲಿಲ್ಲ.

ಅನುದಾನ ಬಂದಾಗ ಅದನ್ನು ಹಿಡಿದಿಟ್ಟುಕೊಳ್ಳುವ ಸಂಸ್ಥೆ ಸ್ಥಳದಲ್ಲಿ ಇರಬೇಕು. ಇದ್ದ ಕಡೆ ಏನಾಯಿತು ಎಂಬುದಕ್ಕೆ ಬರೋಡವನ್ನು ನೋಡಿ. ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಉನ್ನತ ಅಧ್ಯಯನ ಕೇಂದ್ರವೆಂಬ ಮಾನ್ಯತೆ, ಅದರ ಜತೆಗೆ ನೆರವು ಕೊಟ್ಟಿತು. ಅಲ್ಲಿಂದ ಹೊರಬಂದ ಪಿಎಚ್.ಡಿ.ಗಳೇ ಮುಂದೆ ದೇಶದ ಹಲವು ಕಡೆ ಈ ವಿಷಯ ಕಲಿಸಿದರು. ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ತಂತ್ರಜ್ಞಾನದ ಪ್ರತ್ಯೇಕ ವಿಭಾಗವೇ ಇದೆ. 1984ರ ಆಗಸ್ಟ್ 15ರಂದು ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಟಿ.ವಿ.ಯಲ್ಲಿ ಶುರುವಾದಾಗ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮಾಧ್ಯಮ ಕೇಂದ್ರಗಳು ತೆರೆದವು. ಕ್ಯಾಮೆರಾದ ಜತೆಗೆ ನಿರ್ಮಾಪಕ, ಛಾಯಾಗ್ರಾಹಕ, ಎಂಜಿನಿಯರ್ ಹುದ್ದೆಗಳಿಗೂ ಯುಜಿಸಿ ಸಂಬಳ ಕೊಟ್ಟಿತು. ಅದಕ್ಕೇ ಅಂಥ ಕೇಂದ್ರಗಳು ಇವತ್ತಿಗೂ ಉಸಿರಾಡುತ್ತಿವೆ; ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಜಾಲತಾಣದ ಕೋರ್ಸುಗಳನ್ನು ಚಿತ್ರೀಕರಿಸುತ್ತಿವೆ. ಕರ್ನಾಟಕದಲ್ಲಿ ಅಂಥ ಕೇಂದ್ರ ಮೈಸೂರಿನಲ್ಲಿದೆ. 2004ರಲ್ಲಿ ಶಿಕ್ಷಣಕ್ಕೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಹಾರಿದಾಗ ಮೊದಲ ಪ್ರಯೋಗಕ್ಕೆ ಆಯ್ಕೆಯಾದವುಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಒಂದು. ಅದರಡಿ ಬರುವ ಕಾಲೇಜುಗಳಿಗೆ ಉಪಗ್ರಹದ ಪಾಠ ತಲುಪಿತು. ಅಲ್ಲೂ ಕಾಲೇಜಿನ ಪಾಲಿಗೆ ಬಂದದ್ದು ಡಿಶ್ಶು ಮತ್ತು ಪರದೆ.

ಈಗಿನ ಪರಿಸ್ಥಿತಿಗೆ ಬರೋಣ. ದುಡ್ಡು ಇಲ್ಲ ಎಂದು ಹೇಳುವ ಹಾಗೇ ಇಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅನುದಾನ ಏರುತ್ತಾ ಹೋಯಿತು; 2023-24ರಿಂದ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತಿದ್ದಾರೆ. ‘ಅಕ್ಷರ ಆವಿಷ್ಕಾರ’ ಎಂದು ಶಿಕ್ಷಣಕ್ಕೇ ಒತ್ತು ಕೊಟ್ಟ ಕಾರ್ಯಕ್ರಮವೂ ಅದರಲ್ಲಿದೆ. ಬಳ್ಳಾರಿಗೆ ಇದರ ಮೇಲೆ ಗಣಿಗಾರಿಕೆಯವರು ಕಟ್ಟುವ ಜಿಲ್ಲಾ ಖನಿಜ ನಿಧಿ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಆ ನಿಧಿಯಲ್ಲಿ ಶಿಕ್ಷಣ ಆದ್ಯತೆಯ ಪಟ್ಟಿಯಲ್ಲೇ ಇದೆ. ಉನ್ನತ ಶಿಕ್ಷಣಕ್ಕಾಗಿ ಇರುವ ಕೇಂದ್ರದ ಪಿಎಂ-ಉಷಾ ಯೋಜನೆ 2023-24ರಿಂದ ಮೂರು ವರ್ಷಕ್ಕೆ ದೇಶಕ್ಕೆಲ್ಲ ಸೇರಿ ಸುಮಾರು 12,926 ಕೋಟಿ ರೂಪಾಯಿ ತೆಗೆದಿಟ್ಟಿತ್ತು. ನಮ್ಮಂಥ ರಾಜ್ಯಗಳಿಗೆ ಅದರಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40 ಪಾಲು.

ಇಷ್ಟು ದುಡ್ಡು ಸಾಮಾನಿನ ಕಡೆಗೇ ಯಾಕೆ ಹರಿಯುತ್ತದೆ? ಕಚೇರಿಯ ಒಳಗಿನಿಂದ ನೋಡಿದರೆ ಅದು ಸ್ಪಷ್ಟವಾಗುತ್ತದೆ. ಮಂಡಳಿಯ ದುಡ್ಡಾಗಲಿ ಖನಿಜ ನಿಧಿಯಾಗಲಿ ಕ್ರಿಯಾ ಯೋಜನೆಯ ಮೂಲಕ ಬರುತ್ತದೆ. ಕ್ರಿಯಾ ಯೋಜನೆ ಎಂದರೆ ಕಾಮಗಾರಿ ಇಲ್ಲವೇ ಖರೀದಿ: ಅಂದಾಜು ಪಟ್ಟಿ, ಟೆಂಡರು, ಬಿಲ್ಲು, ಫೋಟೊ, ಕೊನೆಗೆ ಬಳಕೆ ಪ್ರಮಾಣಪತ್ರ. ಮಾರ್ಚಿ ಬಂತೆಂದರೆ ಖರ್ಚಾಗದ ದುಡ್ಡಿಗೆ ಲೆಕ್ಕ ಕೇಳುತ್ತಾರೆ. ನಲವತ್ತು ಸ್ಮಾರ್ಟ್ ಬೋರ್ಡನ್ನು ಮಾರ್ಚಿಯೊಳಗೆ ಖರೀದಿಸಬಹುದು. ಒಬ್ಬ ಸಹಾಯಕ ಪ್ರಾಧ್ಯಾಪಕರನ್ನು ಮಾರ್ಚಿಯೊಳಗೆ ನೇಮಿಸಲು ಆಗುತ್ತದೆಯೇ? ಹುದ್ದೆ ಸೃಷ್ಟಿಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಹುದ್ದೆ ಯಾವ ಮೀಸಲಾತಿ ವರ್ಗಕ್ಕೆ ಎಂದು ರೋಸ್ಟರ್ ಬಿಂದು ಗುರುತಿಸಬೇಕು, ಅಧಿಸೂಚನೆ ಹೊರಡಬೇಕು, ಅಲ್ಲಿಂದ ಮುಂದೆ ನಿವೃತ್ತಿಯವರೆಗೆ ಪ್ರತಿ ತಿಂಗಳು ಸಂಬಳ ಕೊಡಬೇಕು. ಯೋಜನೆಯ ದುಡ್ಡು ಅಂಥ ಮರುಕಳಿಸುವ ವೆಚ್ಚಕ್ಕೆ ಕೈಹಾಕುವುದಿಲ್ಲ. ಇದರಲ್ಲಿ ಯಾವ ಅಧಿಕಾರಿಯ ದುರುದ್ದೇಶವನ್ನೂ ನಾನು ಕಾಣುವುದಿಲ್ಲ. ನಿಯಮ ಹೇಗಿದೆಯೋ ದುಡ್ಡು ಹಾಗೆ ಹೋಗುತ್ತದೆ.

ಅದರ ಫಲ ಹೇಗಿರುತ್ತದೆ ಎಂಬುದಕ್ಕೆ ನಾನು ಹತ್ತಿರದಿಂದ ಕಂಡ ಒಂದು ಕೋಣೆಯ ವಿಷಯ ಹೇಳುತ್ತೇನೆ. ನಮ್ಮ ಭಾಗದ್ದೇ ಒಂದು ಪದವಿ ಕಾಲೇಜು. ಗೋಡೆಯ ಮೇಲೆ ದೊಡ್ಡ ಇಂಟರಾಕ್ಟಿವ್ ಪ್ಯಾನೆಲ್. ಅದರ ಅಂಚಿಗೆ ಅಂಟಿಸಿದ ಯೋಜನೆಯ ಹೆಸರಿನ ಸ್ಟಿಕ್ಕರ್ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಕೆಳಗೆ ಮೂಲೆಯಲ್ಲಿ ಯುಪಿಎಸ್. ನಮ್ಮ ಕಡೆಯ ಬೇಸಿಗೆ ತಡೆಯಲಾರದೆ ಅದರ ಬ್ಯಾಟರಿಗಳು ಉಬ್ಬಿ ಹೋಗಿದ್ದವು. ಹೊಸ ಬ್ಯಾಟರಿಗೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ದುಡ್ಡು ತೆಗೆಯಬೇಕೆಂದು ಪ್ರಾಂಶುಪಾಲರಿಗೆ ಯಾರೂ ಹೇಳಿರಲಿಲ್ಲ. ಪ್ಯಾನೆಲ್ ಜತೆ ಬಂದ ಪಾಠಗಳ ತಂತ್ರಾಂಶದ ಲೈಸೆನ್ಸ್ ಅವಧಿ ಮುಗಿದಿತ್ತು. ಇದ್ದಾಗಲೂ ಆ ಪಾಠ ಇಂಗ್ಲಿಷಿನಲ್ಲಿತ್ತು, ಕೂತ ಮಕ್ಕಳು ಕನ್ನಡ ಮಾಧ್ಯಮದವರು. ಪಕ್ಕದ ಕೋಣೆಯಲ್ಲಿ ಒಬ್ಬ ಅತಿಥಿ ಉಪನ್ಯಾಸಕಿ ತಮ್ಮದೇ ಫೋನಿನಲ್ಲಿ ಅರ್ಥಶಾಸ್ತ್ರದ ರೇಖಾಚಿತ್ರಗಳನ್ನು ಕನ್ನಡದಲ್ಲಿ ವಿವರಿಸಿ ಚಿಕ್ಕ ಚಿಕ್ಕ ವೀಡಿಯೊ ಮಾಡಿ ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಬೇಡಿಕೆ ರೇಖೆ ಯಾಕೆ ಇಳಿಯುತ್ತದೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ರಾಯಚೂರು ಎಪಿಎಂಸಿಯ ಹತ್ತಿಯದು. ಆ ಕಾಲೇಜಿನಲ್ಲಿ ಶೈಕ್ಷಣಿಕ ತಂತ್ರಜ್ಞಾನ ಇದ್ದದ್ದು ಅವರ ಕೈಯಲ್ಲಿ. ಮುಂದಿನ ವರ್ಷ ಅವರಿಗೆ ಕೆಲಸ ಇರುತ್ತದೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರಲಿಲ್ಲ.

ನೀವು ತುಂಗಭದ್ರೆಯ ಅಚ್ಚುಕಟ್ಟಿನವರು. ಕಾಲುವೆಗೆ ನೀರು ಬಿಟ್ಟರೂ ಹೊಲದ ಸರದಿ ನೋಡಿ ತಿರುಗಿಸುವ ನೀರಗಂಟಿ ಇರದಿದ್ದರೆ ಕೊನೆಭಾಗದ ಗದ್ದೆ ಒಣಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಉಪನ್ಯಾಸಕಿಯಂಥವರ ಹುದ್ದೆಗೆ ದುಡ್ಡಿಲ್ಲದಿರುವುದೇ ನಮ್ಮ ಭಾಗದ ನಿಜವಾದ ಕೊರತೆ.

ವಿಶ್ವವಿದ್ಯಾಲಯಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರದು. ರಾಯಚೂರಿನದು ಈ ದಶಕದ್ದು, ಈಗ ಆದಿಕವಿ ಮಹರ್ಷಿ ವಾಲ್ಮೀಕಿ ಹೆಸರಿನಲ್ಲಿದೆ. ಕೊಪ್ಪಳದ್ದು ಇನ್ನೂ ಎಳೆಯದು. 2022-23ರಲ್ಲಿ ಕೊಪ್ಪಳ ಸೇರಿ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿದಾಗ ಆರಂಭದ ಅನುದಾನ ತಲಾ 2 ಕೋಟಿ ರೂಪಾಯಿ ಎಂದಿತ್ತು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳಲ್ಲಿ ವಿಲೀನಗೊಳಿಸುವ ಮಾತು ಸಚಿವ ಸಂಪುಟದ ಉಪಸಮಿತಿಯ ಮಟ್ಟದಲ್ಲೇ ನಡೆಯಿತು. ಕೊಪ್ಪಳದ ಹೆಸರೂ ಅದರಲ್ಲಿತ್ತು. ತನ್ನ ಅಸ್ತಿತ್ವವೇ ಚರ್ಚೆಯಲ್ಲಿರುವ ವಿಶ್ವವಿದ್ಯಾಲಯ ಹೊಸ ವಿಷಯಕ್ಕೆ ಕಾಯಂ ಹುದ್ದೆ ಕೇಳುವುದು ಹೇಗೆ? ಕೇಳಿದರೂ, ಇರುವ ವಿಭಾಗಗಳ ಖಾಲಿ ಹುದ್ದೆ ಮೊದಲು ತುಂಬಿ ಎಂಬ ಉತ್ತರ ಬರುತ್ತದೆ. ಹೀಗಾಗಿ ಹೊಸ ಕೋರ್ಸು ಬಂದರೆ ಸ್ವಂತ ಹಣಕಾಸಿನ ಕೋರ್ಸಾಗಿ ಬರುತ್ತದೆ. ಶುಲ್ಕ ವಿದ್ಯಾರ್ಥಿಯದು, ಪಾಠ ಅತಿಥಿಗಳದು, ಎರಡು ವರ್ಷ ದಾಖಲಾತಿ ಕಡಿಮೆಯಾದರೆ ಕೋರ್ಸು ನಿಲ್ಲುತ್ತದೆ. ಅದರಲ್ಲಿ ಓದಿದವರ ಪದವಿಗೆ ಮುಂದೆ ಹೇಳುವವರು ಕೇಳುವವರು ಇರುವುದಿಲ್ಲ.

ಇದು ಬದಲಾಗಬಹುದೇ? ಖಂಡಿತ ಆಗಬಹುದು, ದೊಡ್ಡ ಮೊತ್ತವೂ ಬೇಕಾಗಿಲ್ಲ. ಮೂರು ಜಿಲ್ಲೆಗೆ ಸೇರಿ ಒಂದೇ ಕಡೆ, ಬಳ್ಳಾರಿಯಲ್ಲೋ ರಾಯಚೂರಿನಲ್ಲೋ, ಐದಾರು ಬೋಧಕ ಹುದ್ದೆ, ಇಬ್ಬರು ತಾಂತ್ರಿಕ ಸಿಬ್ಬಂದಿ, ವರ್ಷಕ್ಕೆ ಹತ್ತು ಫೆಲೋಶಿಪ್ ಸಾಕು. 371(ಜೆ) ಅಡಿಯ ನೇಮಕಾತಿ ಮೀಸಲಾತಿಯಿಂದ ಅಂಥ ಹುದ್ದೆಗಳ ದೊಡ್ಡ ಪಾಲು ನಮ್ಮವರಿಗೇ ಸಿಗುತ್ತದೆ. ಪ್ರತಿ ಖರೀದಿಯ ಜತೆಗೆ ಅದರ ಒಂದು ಪಾಲನ್ನು ನಿರ್ವಹಣೆಗೆ, ಶಿಕ್ಷಕರ ತರಬೇತಿಗೆ ಕಡ್ಡಾಯವಾಗಿ ಕಟ್ಟಿಡಬೇಕೆಂದು ಮಂಡಳಿ ಒಂದು ನಿಯಮ ಮಾಡಿದರೆ ಆ ತರಬೇತಿ ಕೊಡಲು ವಿಭಾಗವೊಂದು ಬೇಕೇ ಆಗುತ್ತದೆ. ಬೇಡಿಕೆ ಹುಟ್ಟುವುದು ಹೀಗೆ. ಸಂಶೋಧನೆಗೆ ವಿಷಯವಂತೂ ಇಲ್ಲಿ ಬೇಕಾದಷ್ಟಿದೆ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡಿ ಕನ್ನಡದಲ್ಲಿ ಕಲಿಯುವ ಮಕ್ಕಳು, ದುಡಿಯಲು ಗುಳೇ ಹೋದ ತಂದೆತಾಯಿಯ ಜತೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸುವ ಮಕ್ಕಳು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಡವುವ ಮಕ್ಕಳು. ಇವರಿಗೆ ಫೋನಿನಲ್ಲಿ ಯಾವ ಬಗೆಯ ಪಾಠ ನಿಜಕ್ಕೂ ನೆರವಾಗುತ್ತದೆ ಎಂಬುದನ್ನು ಮುಂಬಯಿಯಲ್ಲಿ ಕೂತು ಕಂಡುಹಿಡಿಯುವುದು ಕಷ್ಟ. ನಿಮ್ಮಂಥವರು ಈ ವಿಷಯ ಓದಬೇಕೆಂದು ನಾನು ಬಯಸುವುದು ಇದೇ ಕಾರಣಕ್ಕೆ.

ಹಾಗಾದರೆ ನೀವು ಈಗ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಹತ್ತಿರದಲ್ಲೇ ಎಂ.ಎಡ್. ಸೇರಿ, ಪ್ರಬಂಧಕ್ಕೆ ಶೈಕ್ಷಣಿಕ ತಂತ್ರಜ್ಞಾನದ ವಿಷಯ ಆರಿಸಿಕೊಳ್ಳುತ್ತಿದ್ದೆ. ಮನೆಯವರ ಮಾತೂ ನಡೆಯುತ್ತದೆ. ಉದ್ಯೋಗದ ದೃಷ್ಟಿಯಿಂದಲೂ ಇದು ಸುರಕ್ಷಿತ: ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನಲ್ಲಿ ವಿಷಯದ ಹೆಸರು ‘ಶಿಕ್ಷಣ’, ಶೈಕ್ಷಣಿಕ ತಂತ್ರಜ್ಞಾನ ಅದರೊಳಗಿನ ಒಂದು ಘಟಕ. ಶಿಕ್ಷಣ ವಿಭಾಗದ, ಬಿ.ಎಡ್. ಕಾಲೇಜಿನ ಹುದ್ದೆಗೆ ಎಂ.ಎಡ್. ಮತ್ತು ನೆಟ್ ಅಥವಾ ರಾಜ್ಯಮಟ್ಟದ ಅಂಥದೇ ಪರೀಕ್ಷೆಯಾದ ಕೆಸೆಟ್ ಕೇಳುತ್ತಾರೆಯೇ ಹೊರತು ಬರೀ ಶೈಕ್ಷಣಿಕ ತಂತ್ರಜ್ಞಾನದ ಡಿಪ್ಲೊಮಾ ಸಾಲುವುದಿಲ್ಲ. ಎಂ.ಎಡ್. ಆದ ಮೇಲೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಶೈಕ್ಷಣಿಕ ತಂತ್ರಜ್ಞಾನದ ಸ್ನಾತಕೋತ್ತರ ಡಿಪ್ಲೊಮಾ ಕೆಲಸ ಬಿಡದೆ ಮಾಡಬಹುದು; ಆ ವರ್ಷ ಪ್ರವೇಶ ತೆರೆದಿದೆಯೇ ಎಂದು ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ. ಊರು ಬಿಡಲು ಸಾಧ್ಯವಾದರೆ ಎಸ್‌ಎನ್‌ಡಿಟಿ ನಿಮಗೆ ಒಳ್ಳೆಯ ಜಾಗ. ಸಂಶೋಧನೆಯ ಹಸಿವು ಗಟ್ಟಿಯಾಗಿದ್ದರೆ ಐಐಟಿ ಬಾಂಬೆಯಲ್ಲಿ 2010ರಿಂದ ಈ ವಿಷಯದಲ್ಲೇ ಪಿಎಚ್.ಡಿ. ಇದೆ. ಅದಕ್ಕೆ ಮೊದಲು ಗಣಿತದಲ್ಲಿ ಎಂ.ಎಸ್ಸಿ. ಮಾಡಿಕೊಂಡಿದ್ದರೆ ಅನುಕೂಲ.

ಇದರ ನಡುವೆ ಹತ್ತಿರದ ಯಾವುದಾದರೂ ಸಂಸ್ಥೆ ಹೊಸ ಕೋರ್ಸು ತೆರೆದು ಕರಪತ್ರ ಹಂಚಿದರೆ ಶುಲ್ಕ ಕಟ್ಟುವ ಮೊದಲು ಕಚೇರಿಗೆ ಹೋಗಿ ಕೇಳಿ. ಈ ಕೋರ್ಸಿಗೆ ಮಂಜೂರಾದ ಕಾಯಂ ಹುದ್ದೆ ಎಷ್ಟು, ಭರ್ತಿಯಾಗಿರುವುದು ಎಷ್ಟು? ದುಡ್ಡು ಯಾವ ಯೋಜನೆಯದು, ಯೋಜನೆ ಮುಗಿದ ಮೇಲೆ ಸಂಬಳ ಯಾರು ಕೊಡುತ್ತಾರೆ? ಪದವಿಯ ಹೆಸರು ಯುಜಿಸಿಯ ಪಟ್ಟಿಯಲ್ಲಿದೆಯೇ? ಮಾರ್ಗದರ್ಶಕರು ಈ ವಿಷಯದಲ್ಲೇ ಸಂಶೋಧನೆ ಮಾಡಿದವರೇ? ಲ್ಯಾಬು ತೋರಿಸುತ್ತೇವೆ ಬನ್ನಿ ಎಂದರೆ ಹೋಗಿ ನೋಡಿ, ಒಳ್ಳೆಯದೇ. ಆದರೆ ಹುದ್ದೆಯ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಬೇಡ, ಆದೇಶದ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಸಾಮಾನ್ಯವಾಗಿ ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು.